ರೇಖೆಯಿಂದ ಕೊಲಾಜ್‌ಗೆ: ಅರ್ದಶೀರ್ ಮೊಹಸ್ಸೆಸ್ ಅವರ ಬದುಕು ಮತ್ತು ಕಲೆ

ಇಪ್ಪತ್ತನೆಯ ಶತಮಾನದ ಇರಾನಿನ ರೇಖಾಚಿತ್ರಕಾರರಲ್ಲಿ ಅಗ್ರಗಣ್ಯರೆಂದು ಪರಿಗಣಿತರಾದವರು ಅರ್ದಶೀರ್ ಮೊಹಸ್ಸೆಸ್ (1938–2008). ವ್ಯಂಗ್ಯಚಿತ್ರ, ಪತ್ರಿಕಾ ರೇಖಾಚಿತ್ರ, ಚಿತ್ರಸರಣಿ, ಚಿತ್ರಪುಸ್ತಕ, ಕೊಲಾಜ್ – ಹೀಗೆ ಹಲವು ಪ್ರಕಾರಗಳಲ್ಲಿ ಅವರು ದುಡಿದರು. ದೊರೆ ಷಾ ಆಳ್ವಿಕೆಯ ಪತ್ರಿಕಾ ನಿರ್ಬಂಧಗಳ ನಡುವೆ ಅವರ ಲೇಖನಿ ರೂಪುಗೊಂಡಿತು. 1976ರಲ್ಲಿ ಅವರು ತಾಯ್ನಾಡನ್ನು ತೊರೆದರು. 1980ರ ದಶಕದಲ್ಲಿ ಪಾರ್ಕಿನ್ಸನ್ಸ್ ಕಾಯಿಲೆ ಅವರ ಚಿತ್ರ ಬರೆಯುವ ಕೈಯನ್ನೇ ಹಿಡಿದುಕೊಂಡಿತು. ಆದರೂ ಅವರ ಕೆಲಸ ನಿಲ್ಲಲಿಲ್ಲ; ಸಲಕರಣೆ ಬದಲಾಯಿತು. ಅವರ ಪೂರ್ವಾರ್ಧದ ಕೃತಿಗಳಿಗೆ ದೊರೆತ ಪ್ರಸಿದ್ಧಿ ಉತ್ತರಾರ್ಧದ ಕೃತಿಗಳಿಗೆ ದೊರೆತಿಲ್ಲ. ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಅವರ ಸಾಧನೆಯ ಸ್ವರೂಪ ಅರ್ಥವಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಅರ್ದಶೀರ್ ಹುಟ್ಟಿದ್ದು 1938ರ ಸೆಪ್ಟೆಂಬರ್ 9ರಂದು, ಇರಾನಿನ ಉತ್ತರ ಭಾಗದ ಗೀಲಾನ್ ಪ್ರಾಂತ್ಯದ ರಾಜಧಾನಿ ರಶ್ತ್ ನಗರದಲ್ಲಿ. ಕ್ಯಾಸ್ಪಿಯನ್ ಸಮುದ್ರದ ಅಂಚಿನಲ್ಲಿರುವ ಈ ಸೀಮೆ ಇರಾನ್ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವ ಮರಳುಗಾಡಿನಂಥದಲ್ಲ. ಧಾರಾಳ ಮಳೆ ಬೀಳುವ, ಭತ್ತದ ಗದ್ದೆಗಳೂ ಚಹಾ ತೋಟಗಳೂ ಇರುವ ಹಸಿರು ನಾಡು ಅದು. ರಾಜಕೀಯ ಬಂಡಾಯಕ್ಕೂ ಗೀಲಾನ್ ಹೆಸರಾಗಿತ್ತು. ಇರಾನಿನ ಸಂವಿಧಾನ ಕ್ರಾಂತಿಯ ಕಾಲದಲ್ಲಿ, 1909ರಲ್ಲಿ, ನಿರಂಕುಶ ದೊರೆಯ ವಿರುದ್ಧ ಟೆಹ್ರಾನಿಗೆ ನುಗ್ಗಿದ ಪಡೆಗಳಲ್ಲೊಂದು ಹೊರಟಿದ್ದು ರಶ್ತ್‌ನಿಂದಲೇ. ಆಧುನಿಕ ಇರಾನಿನ ಮತ್ತೊಬ್ಬ ಪ್ರಮುಖ ಕಲಾವಿದ, ಚಿತ್ರ ಮತ್ತು ಶಿಲ್ಪ ಎರಡರಲ್ಲೂ ಹೆಸರಾದ ಬಹ್ಮನ್ ಮೊಹಸ್ಸೆಸ್ (1931–2010) ಕೂಡ ಇದೇ ಊರಿನವರು.

ಅರ್ದಶೀರ್ ಅವರ ತಾಯಿ ಕವಯಿತ್ರಿಯಾಗಿದ್ದರು; ಶಿಕ್ಷಣ ಕ್ಷೇತ್ರದಲ್ಲಿ ದುಡಿದವರು. ತಂದೆ ನ್ಯಾಯಾಂಗ ಸೇವೆಯಲ್ಲಿದ್ದವರು. ಮನೆಯಲ್ಲಿ ಓದಿನ ವಾತಾವರಣವಿತ್ತು. ಹೊರಗೆ ಕಾಲ ಪ್ರಕ್ಷುಬ್ಧವಾಗಿತ್ತು. ಬಾಲಕನಿಗೆ ಮೂರು ವರ್ಷ ತುಂಬುವ ಹೊತ್ತಿಗೆ, 1941ರಲ್ಲಿ, ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ದೇಶವನ್ನು ಆಕ್ರಮಿಸಿಕೊಂಡವು. ದೊರೆ ರೆಜಾ ಷಾ ಪದತ್ಯಾಗ ಮಾಡಿ, ಮಗ ಮೊಹಮ್ಮದ್ ರೆಜಾ ಪಹ್ಲವಿ ಸಿಂಹಾಸನವೇರಿದರು. 1953ರ ಆಗಸ್ಟ್‌ನಲ್ಲಿ ಪ್ರಧಾನಿ ಮೊಹಮ್ಮದ್ ಮೊಸಾದ್ದೆಗ್ ಅವರನ್ನು ಅಮೆರಿಕ ಮತ್ತು ಬ್ರಿಟನ್‌ಗಳ ಬೆಂಬಲದ ಕ್ಷಿಪ್ರಕ್ರಾಂತಿ ಪದಚ್ಯುತಗೊಳಿಸಿದಾಗ ಅರ್ದಶೀರ್ ಹದಿನಾಲ್ಕರ ಹುಡುಗ. ದೊರೆತನದ ವೈಭವ ಮತ್ತು ಅದರ ಬುಡದಲ್ಲಿರುವ ಬಲಪ್ರಯೋಗ – ಇವೆರಡೇ ಮುಂದೆ ಅವರ ಚಿತ್ರಗಳ ಮುಖ್ಯ ವಸ್ತುವಾದವು.

ಕಲಾಶಾಲೆಯ ಶಿಕ್ಷಣ ಅವರದಲ್ಲ. ಅವರು ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ 1962ರಲ್ಲಿ ಪದವಿ ಪಡೆದರು. ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪಠ್ಯವಾಗಿ ಓದಿದ ವ್ಯಕ್ತಿ ಅದನ್ನು ಚಿತ್ರವಾಗಿ ಬರೆಯಲು ಹೊರಟಿದ್ದು ಆಕಸ್ಮಿಕವೆನಿಸುವುದಿಲ್ಲ.

ಪತ್ರಿಕೆಯ ಪುಟಗಳಲ್ಲಿ

1960ರ ದಶಕದ ಟೆಹ್ರಾನ್ ಪತ್ರಿಕೆಗಳ ನಗರ. ಓದುಗರ ಸಂಖ್ಯೆ ಬೆಳೆಯುತ್ತಿತ್ತು. ಸಾಹಿತ್ಯ ಪತ್ರಿಕೆಗಳು ಹುಟ್ಟುತ್ತಿದ್ದವು. ಆದರೆ 1957ರಲ್ಲಿ ಸ್ಥಾಪನೆಯಾದ ಗುಪ್ತಚರ ಸಂಸ್ಥೆ ‘ಸಾವಾಕ್’ ಪ್ರತಿ ಪುಟದ ಮೇಲೂ ಕಣ್ಣಿಟ್ಟಿತ್ತು. ದೊರೆಯನ್ನಾಗಲಿ ರಾಜಮನೆತನವನ್ನಾಗಲಿ ನೇರವಾಗಿ ಟೀಕಿಸುವಂತಿರಲಿಲ್ಲ. ಹಾಸ್ಯಕ್ಕೆ ಹೆಸರಾಗಿದ್ದ ‘ತೌಫೀಕ್’ ವಾರಪತ್ರಿಕೆಯೇ 1970ರ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಬೇಕಾಯಿತು.

ಇಂಥ ಸನ್ನಿವೇಶದಲ್ಲಿ ಅರ್ದಶೀರ್ ಅವರ ಚಿತ್ರಗಳು ‘ಕೇಹಾನ್’ ದಿನಪತ್ರಿಕೆಯಲ್ಲಿಯೂ ಸಾಹಿತ್ಯ ನಿಯತಕಾಲಿಕಗಳಲ್ಲಿಯೂ ಪ್ರಕಟವಾಗತೊಡಗಿದವು. ಆಧುನಿಕ ಪಾರಸಿ ಕಾವ್ಯದ ಪ್ರಮುಖ ಕವಿ ಅಹ್ಮದ್ ಶಾಮ್ಲೂ ತಾವು ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಈ ಯುವಕನಿಗೆ ಸ್ಥಳ ನೀಡಿದರು. ನಗಿಸಿ ಮರೆತುಹೋಗುವ ವ್ಯಂಗ್ಯಚಿತ್ರಕ್ಕೆ ಒಗ್ಗಿದ್ದ ಓದುಗರಿಗೆ ಇವು ಹೊಸವಾಗಿದ್ದವು. ನಗು ಬರುವ ಮೊದಲೇ ಎದೆಯಲ್ಲೇನೋ ಚುಚ್ಚಿದಂತಾಗುತ್ತಿತ್ತು. ಇರಾನಿನಲ್ಲಿ ವ್ಯಂಗ್ಯಚಿತ್ರವನ್ನು ಪತ್ರಿಕೆಯ ಮೂಲೆಯಿಂದ ಗ್ಯಾಲರಿಯ ಗೋಡೆಗೆ ಒಯ್ದವರಲ್ಲಿ ಅವರು ಮೊದಲಿಗರ ಸಾಲಿನಲ್ಲಿದ್ದಾರೆ. 1970ರ ದಶಕದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅವರ ಚಿತ್ರಗಳನ್ನು ಪ್ರಕಟಿಸಿತು. 1972ರಲ್ಲಿ ಚಿತ್ರನಿರ್ದೇಶಕ ಬಹ್ಮನ್ ಮಗ್ಸೂದ್ಲೂ ಅವರ ಬಗ್ಗೆ ಕಿರುಚಿತ್ರ ತಯಾರಿಸಿದರು. ಆಗ ಅರ್ದಶೀರ್ ಅವರಿಗೆ ಮೂವತ್ತನಾಲ್ಕು ವರ್ಷವೂ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಆ ವಯಸ್ಸಿಗೆ ಅವರು ಇರಾನಿನಲ್ಲಿ ಮನೆಮಾತಾಗಿದ್ದರು.

ಗತಕಾಲದ ವೇಷ, ವರ್ತಮಾನದ ಮುಖ

ಅರ್ದಶೀರ್ ಕಂಡುಕೊಂಡ ದಾರಿ ಸರಳವಾಗಿತ್ತು, ಅಷ್ಟೇ ಜಾಣತನದ್ದಾಗಿತ್ತು. ತಮ್ಮ ಪಾತ್ರಗಳಿಗೆ ಅವರು ಕಾಜಾರ್ ರಾಜವಂಶದ ಕಾಲದ ಉಡುಪು ತೊಡಿಸಿದರು. ಹದಿನೆಂಟನೆಯ ಶತಮಾನದ ಕೊನೆಯಿಂದ 1925ರವರೆಗೆ ಇರಾನನ್ನು ಆಳಿದ ಆ ವಂಶವನ್ನು ಕೆಳಗಿಳಿಸಿಯೇ ಪಹ್ಲವಿ ಮನೆತನ ಅಧಿಕಾರಕ್ಕೆ ಬಂದಿತ್ತು. ಕಾಜಾರರನ್ನು ಹಳಿಯುವುದು ಹೊಸ ದೊರೆಗಳಿಗೆ ಒಪ್ಪಿಗೆಯ ವಿಷಯವೇ. ಹೀಗಾಗಿ ಎತ್ತರದ ಟೋಪಿ, ದಪ್ಪ ಮೀಸೆ, ಪದಕಗಳ ಸಾಲು ಹೊತ್ತ ಹಳೆಯ ದೊರೆಯನ್ನು ಚಿತ್ರಿಸಿದರೆ ಸೆನ್ಸಾರ್ ಅಧಿಕಾರಿ ಆಕ್ಷೇಪಿಸಲು ಕಾರಣ ಹುಡುಕಬೇಕಾಗುತ್ತಿತ್ತು. ಓದುಗನಿಗೆ ಮಾತ್ರ ಚಿತ್ರದಲ್ಲಿರುವುದು ಯಾವ ದರ್ಬಾರು ಎಂಬುದು ತಕ್ಷಣ ತಿಳಿಯುತ್ತಿತ್ತು. (ದರ್ಬಾರು ಎಂಬ ಪದ ಕನ್ನಡಕ್ಕೆ ಬಂದಿರುವುದೂ ಪಾರಸಿಯಿಂದಲೇ.)

ಈ ತಂತ್ರಕ್ಕೆ ಇರಾನಿನ ದೃಶ್ಯ ಪರಂಪರೆಯಲ್ಲೇ ಆಧಾರಗಳಿದ್ದವು. 1848ರಿಂದ 1896ರವರೆಗೆ ಆಳಿದ ನಾಸಿರುದ್ದೀನ್ ಷಾ ಸ್ವತಃ ಛಾಯಾಗ್ರಹಣದ ವ್ಯಾಮೋಹಿ. ಅವರ ಕಾಲದ ಗುಂಪು ಛಾಯಾಚಿತ್ರಗಳಲ್ಲಿ ದೊರೆ, ಮಂತ್ರಿ, ಸೇವಕರು ಶ್ರೇಣಿಗೆ ತಕ್ಕಂತೆ ಸಾಲಾಗಿ, ಮರಗಟ್ಟಿದವರಂತೆ ಕ್ಯಾಮೆರಾ ನೋಡುತ್ತಾರೆ. ಕಲ್ಲಚ್ಚಿನ ಪುಸ್ತಕಗಳ ಚಿತ್ರಗಳು, ಪಾರಸಿ ಸೂಕ್ಷ್ಮಚಿತ್ರ, ಕಾಫಿಗೃಹಗಳಲ್ಲಿ ಕಥೆ ಹೇಳುವವರು ಬಳಸುತ್ತಿದ್ದ ಜನಪದ ವರ್ಣಚಿತ್ರ – ಇವೆಲ್ಲದರ ನೆನಪು ಅರ್ದಶೀರ್ ರೇಖೆಗಳಲ್ಲಿದೆ. ಯುರೋಪಿನ ಗೋಯಾ ಮತ್ತು ದೋಮಿಯೆ, ಅಮೆರಿಕದ ಸಾಲ್ ಸ್ಟೈನ್‌ಬರ್ಗ್ ಅವರೊಂದಿಗೆ ವಿಮರ್ಶಕರು ಅವರನ್ನು ಹೋಲಿಸುವುದುಂಟು.

ಚಿತ್ರದಷ್ಟೇ ಮುಖ್ಯವಾದುದು ಅದರ ಅಡಿಬರಹ. ಸರ್ಕಾರಿ ಪ್ರಕಟಣೆಯ, ಪತ್ರಿಕಾ ವರದಿಯ ಒಣ ಭಾಷೆಯಲ್ಲಿ ಅದು ಇರುತ್ತಿತ್ತು. ಅಪರಾಧಿಯೊಬ್ಬನ ಮರಣದಂಡನೆ ದೊರೆಯ ಹುಟ್ಟುಹಬ್ಬದ ಸಮಾರಂಭದ ದಿನವೇ ಬಂದೊದಗಿತು ಎಂದು ತಿಳಿಸುವ ಶೀರ್ಷಿಕೆಯ ಚಿತ್ರವೊಂದು ಅವರ ಪ್ರಸಿದ್ಧ ಕೃತಿಗಳಲ್ಲಿದೆ. ಸಂಭ್ರಮ ಮತ್ತು ಸಾವು ಒಂದೇ ಚೌಕಟ್ಟಿನಲ್ಲಿ ನಿಂತಿರುತ್ತವೆ. ಶೀರ್ಷಿಕೆ ಯಾರನ್ನೂ ದೂಷಿಸುವುದಿಲ್ಲ; ದಿನಾಂಕದ ಹೊಂದಾಣಿಕೆಯನ್ನಷ್ಟೇ ಹೇಳುತ್ತದೆ. ತೀರ್ಪು ನೋಡುಗನಿಗೆ ಬಿಟ್ಟದ್ದು.

ಅವರ ಚಿತ್ರಗಳ ಇನ್ನೊಂದು ಲಕ್ಷಣ ಅಪೂರ್ಣ ದೇಹಗಳು. ಕೈಯಿಲ್ಲದವರು, ಕಾಲಿಲ್ಲದವರು, ರುಂಡವಿಲ್ಲದವರು ಅಲ್ಲಿ ಮತ್ತೆ ಮತ್ತೆ ಬರುತ್ತಾರೆ. ಪ್ರಜೆಗಳ ಅಂಗಗಳು ಕತ್ತರಿಸಿಹೋಗಿರುವುದನ್ನು ದಬ್ಬಾಳಿಕೆಯ ಕುರುಹಾಗಿ ಓದಬಹುದು. ಆದರೆ ಆಳುವವರ ದೇಹವೂ ಅಲ್ಲಿ ಇಡಿಯಾಗಿ ಉಳಿಯುವುದಿಲ್ಲ. ಪದಕ ತುಂಬಿದ ಎದೆಯ ಮೇಲೆ ತಲೆಯೇ ಇರದಿರಬಹುದು. ಹಿಂಸೆಯನ್ನು ಉಣಿಸುವವರನ್ನೂ ಉಣ್ಣುವವರನ್ನೂ ಅದು ಒಂದೇ ಬಗೆಯಲ್ಲಿ ಊನಗೊಳಿಸುತ್ತದೆ ಎಂಬ ಗ್ರಹಿಕೆ ಈ ಚಿತ್ರಗಳ ಹಿಂದಿದೆ.

ನ್ಯೂಯಾರ್ಕ್‌ಗೆ ಪಯಣ

1975ರಲ್ಲಿ ಷಾ ಇರಾನನ್ನು ಏಕಪಕ್ಷ ರಾಷ್ಟ್ರವೆಂದು ಘೋಷಿಸಿದರು. ಕಲಾವಿದರು, ಬರಹಗಾರರ ಮೇಲಿನ ಒತ್ತಡ ಹೆಚ್ಚಿತ್ತು. 1976ರಲ್ಲಿ ಅರ್ದಶೀರ್ ಅಮೆರಿಕಕ್ಕೆ ತೆರಳಿ ನ್ಯೂಯಾರ್ಕ್‌ನಲ್ಲಿ ನೆಲೆಸಿದರು. ಅಲ್ಲಿ 1976ರಿಂದ 1978ರ ಅವಧಿಯಲ್ಲಿ ರೂಪುಗೊಂಡ ‘ಲೈಫ್ ಇನ್ ಇರಾನ್’ ಸರಣಿ ಅವರ ಅತ್ಯುತ್ತಮ ಸಾಧನೆಯೆಂದು ಹೆಸರಾಗಿದೆ. ದೂರದ ನಗರದಲ್ಲಿ ಕುಳಿತು ಬರೆದ ಈ ಚಿತ್ರಗಳಲ್ಲಿ ಸೆನ್ಸಾರ್ ಭಯವಿಲ್ಲದಿದ್ದರೂ ಕಾಜಾರ್ ವೇಷ ಉಳಿದುಕೊಂಡಿತು. ಅಡಗಿಸುವ ಉಪಾಯವಾಗಿ ಬಂದ ವೇಷ ಆ ಹೊತ್ತಿಗೆ ಅವರ ಭಾಷೆಯೇ ಆಗಿಹೋಗಿತ್ತು. ಈ ಚಿತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹ ಸೇರಿದವು.

1979ರ ಜನವರಿಯಲ್ಲಿ ಷಾ ದೇಶ ಬಿಟ್ಟರು. ಫೆಬ್ರವರಿಯಲ್ಲಿ ಕ್ರಾಂತಿ ಗೆದ್ದಿತು. ಬದುಕಿಡೀ ರಾಜಪ್ರಭುತ್ವವನ್ನು ಅಣಕಿಸಿದ ಕಲಾವಿದ ಹೊಸ ಆಳ್ವಿಕೆಗೆ ಜಯಕಾರ ಹಾಕಬಹುದೆಂದು ಯಾರಾದರೂ ನಿರೀಕ್ಷಿಸಿದ್ದರೆ ಅದು ಹುಸಿಯಾಯಿತು. ಕ್ರಾಂತಿಯ ನಂತರದ ಗಲ್ಲುಗಳು, ಧರ್ಮಗುರುಗಳ ಅಧಿಕಾರ, 1980ರಿಂದ 1988ರವರೆಗೆ ನಡೆದ ಇರಾನ್–ಇರಾಕ್ ಯುದ್ಧದ ಸಾವುನೋವು ಅವರ ಚಿತ್ರಗಳಿಗೆ ವಸ್ತುವಾದವು. ಸಿಂಹಾಸನದ ಮೇಲೆ ಕುಳಿತವರ ತಲೆಯ ಉಡುಗೆ ಬದಲಾಗಿತ್ತು. ಚಿತ್ರಕಾರನ ದೃಷ್ಟಿ ಬದಲಾಗಲಿಲ್ಲ. ಪರಿಣಾಮವಾಗಿ ಎರಡು ಆಳ್ವಿಕೆಗಳಿಗೂ ಅವರು ಬೇಡವಾದರು. ಇರಾನಿಗೆ ಅವರು ಹಿಂದಿರುಗಲಿಲ್ಲ.

ಕೈಯನ್ನು ಹಿಡಿದ ಕಾಯಿಲೆ

1980ರ ದಶಕದಲ್ಲಿ ಅರ್ದಶೀರ್ ಅವರನ್ನು ಪಾರ್ಕಿನ್ಸನ್ಸ್ ಕಾಯಿಲೆ ಬಾಧಿಸತೊಡಗಿತು. 1817ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ನರಸಂಬಂಧಿ ಕಾಯಿಲೆಯಲ್ಲಿ, ಮಿದುಳಿನ ಆಳದಲ್ಲಿರುವ, ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ದೇಹದ ಚಲನೆಗಳನ್ನು ಸರಾಗವಾಗಿ ನಡೆಸಲು ಡೋಪಮೈನ್ ಅಗತ್ಯ. 1960ರ ದಶಕದ ಕೊನೆಯಿಂದ ಬಳಕೆಗೆ ಬಂದ ಲೆವೊಡೋಪ ಔಷಧ ಲಕ್ಷಣಗಳನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಕಾಯಿಲೆಯನ್ನು ಗುಣಪಡಿಸುವುದಿಲ್ಲ.

ಸಾಮಾನ್ಯ ತಿಳಿವಳಿಕೆಯಲ್ಲಿ ಪಾರ್ಕಿನ್ಸನ್ಸ್ ಎಂದರೆ ಕೈನಡುಕ. ನಡುಕವು ಹೆಚ್ಚಾಗಿ ಕೈ ಸುಮ್ಮನಿರುವಾಗ ಕಾಣಿಸಿಕೊಳ್ಳುವಂಥದು. ಚಿತ್ರಕಾರನಿಗೆ ಅದಕ್ಕಿಂತ ದೊಡ್ಡ ಅಡ್ಡಿಯಾಗುವುದು ಸ್ನಾಯುಗಳ ಬಿಗಿತ ಮತ್ತು ಚಲನೆಯ ನಿಧಾನ. ಈ ಕಾಯಿಲೆಯುಳ್ಳ ಅನೇಕರ ಕೈಬರಹ ಬರೆಯುತ್ತ ಹೋದಂತೆ ಕಿರಿದಾಗಿ ಕುಗ್ಗುವುದನ್ನು ವೈದ್ಯರು ಗುರುತಿಸಿದ್ದಾರೆ. ಅರ್ದಶೀರ್ ಅವರ ಕಲೆ ನಿಂತಿದ್ದು ಶಾಯಿ ಲೇಖನಿಯ ಗೆರೆಯ ಮೇಲೆ. ಶಾಯಿಯ ಗೆರೆಯನ್ನು ಅಳಿಸಲಾಗದು. ಉಡುಪಿನ ನೆರಿಗೆ, ಗಡ್ಡದ ಕೂದಲು, ನೆರಳು – ಪ್ರತಿಯೊಂದಕ್ಕೂ ಒತ್ತೊತ್ತಾಗಿ ನೂರಾರು ಗೆರೆಗಳು ಬೇಕು. ಪ್ರತಿ ಗೆರೆಯೂ ಹದವಾದ ವೇಗದಲ್ಲಿ ಸಾಗಬೇಕು. ಕೈಯ ಮೇಲಿನ ಹಿಡಿತ ತಪ್ಪಿದಾಗ ಮೊದಲು ಕೈಬಿಡುವುದು ಇಂಥ ಕಲೆಯೇ.

ದೇಶ ಕಳೆದುಕೊಂಡವರಿಗೆ ಈ ನಷ್ಟ ಇನ್ನೂ ತೀವ್ರವಾದುದು. ಪಾರಸಿ ಪತ್ರಿಕೆಗಳ ದಿನನಿತ್ಯದ ಓದುಗವರ್ಗ 1976ರಲ್ಲೇ ದೂರವಾಗಿತ್ತು. ಜೊತೆಗೆ ಬಂದದ್ದು ರೇಖೆಯೊಂದೇ.

ಕೊಲಾಜ್‌ನ ವರ್ಷಗಳು

ಅನಾರೋಗ್ಯ ಹೆಚ್ಚಿದಂತೆ ಅರ್ದಶೀರ್ ಕೊಲಾಜ್ ಪ್ರಕಾರದತ್ತ ಹೊರಳಿದರು. ಕಾಗದ, ಮುದ್ರಿತ ಚಿತ್ರ, ಛಾಯಾಚಿತ್ರಗಳ ತುಣುಕುಗಳನ್ನು ಜೋಡಿಸಿ ಅಂಟಿಸುವ ಈ ವಿಧಾನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಿಕಾಸೊ, ಬ್ರಾಕ್ ಅವರಿಂದ ಆಧುನಿಕ ಕಲೆಯಲ್ಲಿ ಪ್ರತಿಷ್ಠಿತವಾಯಿತು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹಾನ್ನಾ ಹೋಕ್, ಜಾನ್ ಹಾರ್ಟ್‌ಫೀಲ್ಡ್ ಅದನ್ನು ರಾಜಕೀಯ ವಿಡಂಬನೆಯ ಅಸ್ತ್ರವಾಗಿಸಿದರು. ಹೀಗಾಗಿ ಅರ್ದಶೀರ್ ಆರಿಸಿಕೊಂಡದ್ದು ದುರ್ಬಲನ ಪರ್ಯಾಯವಲ್ಲ, ತಮ್ಮ ಸ್ವಭಾವಕ್ಕೆ ಹೊಂದುವ ಪರಂಪರೆ.

ಕೊಲಾಜ್‌ನ ಕಾರ್ಯವಿಧಾನವೂ ಬೇರೆ. ಗೆರೆ ಒಮ್ಮೆ ಬಿದ್ದರೆ ಮುಗಿಯಿತು. ತುಣುಕನ್ನು ಅಂಟಿಸುವ ಮುನ್ನ ಎಷ್ಟು ಬಾರಿಯಾದರೂ ಸರಿಸಿ ನೋಡಬಹುದು. ಚಿತ್ರದ ಬಲ ಇರುವುದು ಯಾವುದರ ಪಕ್ಕ ಯಾವುದನ್ನು ಇಡಬೇಕೆಂಬ ತೀರ್ಮಾನದಲ್ಲಿ. ಮರಣದಂಡನೆ ಮತ್ತು ಹುಟ್ಟುಹಬ್ಬವನ್ನು ಒಂದೇ ಚೌಕಟ್ಟಿನಲ್ಲಿಟ್ಟ ಕಲಾವಿದನಿಗೆ ಈ ವಿದ್ಯೆ ಹೊಸದೇನಾಗಿರಲಿಲ್ಲ. ಹಿಂದೆ ಲೇಖನಿಯಿಂದ ಮಾಡುತ್ತಿದ್ದ ಜೋಡಣೆಯನ್ನು ಅವರು ಕಾಗದದ ತುಣುಕುಗಳಿಂದ ಮಾಡತೊಡಗಿದರು. ತುಂಡಾದ ದೇಹಗಳನ್ನು ಬರೆದವರ ಚಿತ್ರವೇ ಈಗ ತುಂಡುಗಳಿಂದ ಹುಟ್ಟುತ್ತಿತ್ತು.

ರೇಖೆಯ ನಯ ಈ ಕೃತಿಗಳಲ್ಲಿ ಸಹಜವಾಗಿಯೇ ಕಡಿಮೆ. ಅದನ್ನಷ್ಟೇ ಅಳತೆಗೋಲಾಗಿಸಿದರೆ ಅವು ಪೂರ್ವಕಾಲದ ಚಿತ್ರಗಳ ಮುಂದೆ ಮಂಕಾಗಿ ತೋರುತ್ತವೆ. ಅಂಗವೈಕಲ್ಯವಿರುವ ಕಲಾವಿದರನ್ನು ಅಳೆಯುವಾಗ ಎರಡು ತಪ್ಪುಗಳು ಸಾಮಾನ್ಯ. ಕೃತಿಯನ್ನು ನೋಡದೆ ಛಲವನ್ನು ಮಾತ್ರ ಹೊಗಳುವುದು ಒಂದು. ಆರೋಗ್ಯವಿದ್ದ ಕಾಲದ ಕೃತಿಗಳನ್ನೇ ನಿಜವಾದವೆಂದು ಬಗೆದು ಉಳಿದವನ್ನು ಪಕ್ಕಕ್ಕಿಡುವುದು ಇನ್ನೊಂದು. ಅರ್ದಶೀರ್ ವಿಷಯದಲ್ಲಿ ಎರಡನೆಯದೇ ಹೆಚ್ಚು ನಡೆದಿದೆ. ಷಾ ಕಾಲದ ಚಿತ್ರಗಳಿಗೆ ಇತಿಹಾಸದ ನಾಟಕೀಯತೆಯ ಬೆಂಬಲವಿರುವುದು ಇದಕ್ಕೆ ಒಂದು ಕಾರಣ. ನ್ಯೂಯಾರ್ಕ್‌ನಲ್ಲಿ ಅವರು ಪ್ರಚಾರದಿಂದ ದೂರವಿದ್ದು ಏಕಾಂತವಾಗಿ ಬದುಕಿದ್ದು ಮತ್ತೊಂದು.

ಪುಸ್ತಕಗಳು, ಪ್ರದರ್ಶನ ಮತ್ತು ನಿಧನ

ಪಾರಸಿಯಲ್ಲಿ ಅನೇಕ ಚಿತ್ರಸಂಪುಟಗಳು ಪ್ರಕಟವಾಗಿದ್ದ ಅರ್ದಶೀರ್ ಅವರನ್ನು ಇಂಗ್ಲಿಷ್ ಓದುಗರಿಗೆ ವ್ಯಾಪಕವಾಗಿ ಪರಿಚಯಿಸಿದ್ದು ಅಮೆರಿಕದ ಮೇಜ್ ಪಬ್ಲಿಷರ್ಸ್ ಹೊರತಂದ ಎರಡು ಪುಸ್ತಕಗಳು. 1989ರ ‘ಕ್ಲೋಸ್ಡ್ ಸರ್ಕ್ಯೂಟ್ ಹಿಸ್ಟರಿ’ ಗ್ರಂಥಕ್ಕೆ ಅಮೆರಿಕದ ಮಾಜಿ ಅಟಾರ್ನಿ ಜನರಲ್ ರಾಮ್ಸೆ ಕ್ಲಾರ್ಕ್ ಮುನ್ನುಡಿ ಬರೆದರು. ಸುತ್ತಿ ಸುತ್ತಿ ಅಲ್ಲಿಗೇ ಬರುವ ಇತಿಹಾಸ ಎಂಬ ಧ್ವನಿಯ ಆ ಶೀರ್ಷಿಕೆ ಅವರ ಒಟ್ಟು ನಿಲುವಿಗೆ ಕನ್ನಡಿ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಚಿತ್ರಗಳನ್ನು ಒಳಗೊಂಡ ‘ಲೈಫ್ ಇನ್ ಇರಾನ್’ 1994ರಲ್ಲಿ ಪ್ರಕಟವಾಯಿತು.

2008ರ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ನ್ಯೂಯಾರ್ಕ್‌ನ ಏಷ್ಯಾ ಸೊಸೈಟಿ ವಸ್ತುಸಂಗ್ರಹಾಲಯದಲ್ಲಿ ‘ಅರ್ದಶೀರ್ ಮೊಹಸ್ಸೆಸ್: ಆರ್ಟ್ ಅಂಡ್ ಸಟೈರ್ ಇನ್ ಇರಾನ್’ ಪ್ರದರ್ಶನ ಏರ್ಪಟ್ಟಿತು. ಅದನ್ನು ರೂಪಿಸಿದವರು ಇಬ್ಬರು ಇರಾನಿ ಕಲಾವಿದರು: ಛಾಯಾಚಿತ್ರ ಮತ್ತು ಚಲನಚಿತ್ರಗಳಿಗೆ ವಿಶ್ವಖ್ಯಾತಿ ಪಡೆದ ಶಿರೀನ್ ನೆಶಾತ್ ಹಾಗೂ ವರ್ಣಚಿತ್ರಕಾರ ನಿಕಿ ನೊಜೂಮಿ. ತಮಗಿಂತ ಹಿರಿಯರಾದ, ಮರೆವಿಗೆ ಸರಿಯುತ್ತಿದ್ದ ಕಲಾವಿದರಿಗೆ ವಲಸಿಗ ಪೀಳಿಗೆ ಸಲ್ಲಿಸಿದ ಗೌರವವಾಗಿತ್ತು ಅದು. ಅಮೆರಿಕದ ವಸ್ತುಸಂಗ್ರಹಾಲಯವೊಂದು ಅವರ ಕೃತಿಗಳನ್ನು ಈ ಪ್ರಮಾಣದಲ್ಲಿ ಪ್ರದರ್ಶಿಸಿದ್ದು, ಅವರು ಆ ದೇಶಕ್ಕೆ ಬಂದು 32 ವರ್ಷಗಳಾದ ಮೇಲೆ.

ಪ್ರದರ್ಶನ ಮುಗಿದು ಎರಡು ತಿಂಗಳಾಗಿತ್ತಷ್ಟೆ. 2008ರ ಅಕ್ಟೋಬರ್ 9ರಂದು ಅರ್ದಶೀರ್ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅವರಿಗೆ 70 ವರ್ಷ ವಯಸ್ಸಾಗಿತ್ತು. 1972ರಲ್ಲಿ ಅವರನ್ನು ಚಿತ್ರೀಕರಿಸಿದ್ದ ಬಹ್ಮನ್ ಮಗ್ಸೂದ್ಲೂ ಅವರೇ ಮುಂದೆ ‘ಅರ್ದಶೀರ್ ಮೊಹಸ್ಸೆಸ್: ದಿ ರೆಬೆಲಿಯಸ್ ಆರ್ಟಿಸ್ಟ್’ ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿದರು.

ಸ್ಥಾನ ಮತ್ತು ಮಹತ್ವ

ಅರ್ದಶೀರ್ ಅವರ ಬದುಕಿನಲ್ಲಿ ಮೂರು ತಡೆಗಳು ಒಂದರ ಹಿಂದೊಂದು ಬಂದವು. ಸೆನ್ಸಾರ್ ಮೊದಲನೆಯದು, ಅದಕ್ಕೆ ಉತ್ತರವಾಗಿ ಕಾಜಾರ್ ವೇಷ ಹುಟ್ಟಿತು. ದೇಶತ್ಯಾಗ ಎರಡನೆಯದು, ‘ಲೈಫ್ ಇನ್ ಇರಾನ್’ ಸರಣಿ ಅದರ ಫಲ. ಮೂರನೆಯದು ಕಾಯಿಲೆ; ಕೊಲಾಜ್ ಅದಕ್ಕೆ ಕೊಟ್ಟ ಉತ್ತರ. ಮೊದಲೆರಡು ತಡೆಗಳು ಕಲೆಯನ್ನು ರೂಪಿಸಿದವೆಂದು ಒಪ್ಪುವ ಕಲಾಚರಿತ್ರೆ ಮೂರನೆಯದನ್ನು ಮಾತ್ರ ಕಲೆಯ ಮುಕ್ತಾಯವೆಂದು ಬರೆಯುವುದರಲ್ಲಿ ನ್ಯಾಯವಿಲ್ಲ. ನೇರವಾಗಿ ಹೋಗಲು ದಾರಿಯಿಲ್ಲದಾಗ ಸುತ್ತುದಾರಿಯನ್ನು ತಾನೇ ಕಡಿದುಕೊಳ್ಳುವುದು ಅವರ ಕಲೆಯ ಮೂಲಗುಣ. ಪತ್ರಿಕೆಯ ಕಚೇರಿಯಲ್ಲಿ ಅದನ್ನು ಕಲಿತವರು ಕಾಯಿಲೆಯ ದಿನಗಳಲ್ಲೂ ಅದನ್ನೇ ಬಳಸಿದರು.

ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಅವರ ದೊರೆಗಳು, ಕೈದಿಗಳು, ಸೈನಿಕರು ಅದೇ ಮರಗಟ್ಟಿದ ಭಂಗಿಯಲ್ಲಿ ಇಂದಿಗೂ ನೋಡುಗನತ್ತ ನೋಡುತ್ತಾರೆ. ಅವರ ಉಡುಪು ಒಂದು ದೇಶದ್ದು, ಒಂದು ಕಾಲದ್ದು. ಆದರೆ ಅಧಿಕಾರಕ್ಕೆ ಹತ್ತಿರ ನಿಂತವರ ಮುಖದ ಮೇಲಿನ ಭಾವವನ್ನು ಗುರುತಿಸಲು ಪಾರಸಿ ಬರಬೇಕಾಗಿಲ್ಲ.